ಯಾವ ಚೈನಿಗೆ ಯಾವ ಹಲ್ಲು

ಅಟ್ಲಾಸ್ ಸೈಕಲ್ ಕಂಪನಿಯ ಕೊನೆಯ ಕಾರ್ಖಾನೆ ಉತ್ತರ ಪ್ರದೇಶದ ಸಾಹಿಬಾಬಾದಿನಲ್ಲಿ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನ. ಹರಿಯಾಣದ ಸೋನಿಪತ್‌ನಲ್ಲಿ 1951ರಲ್ಲಿ ಆರಂಭವಾದ ಕಂಪನಿಯದು. ದೇಶದ ಹಳ್ಳಿಹಳ್ಳಿಗೂ ಅದರ ಸೈಕಲ್ ಹೋಗಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಮೊಬೈಲಾಗಲಿ ಮಿಕ್ಸರಾಗಲಿ ಬಿಡಿಭಾಗ ಸಿಗದೆ ಮೂಲೆ ಸೇರುತ್ತದೆ. ಅಟ್ಲಾಸ್ ಸೈಕಲ್ಲಿಗೆ ಆ ಗತಿ ಬರಲಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಲಿಂಗಸುಗೂರಿನಲ್ಲೋ ಹಳೆಯ ಅಟ್ಲಾಸ್ ಒಂದರ ಚೈನ್ ಹರಿದರೆ ಯಾವ ಕಂಪನಿಯ ಸಿಂಗಲ್ ಚೈನಾದರೂ ನಡೆಯುತ್ತದೆ. ಅದರ ಫ್ರೀವೀಲ್ ಸವೆದರೆ ಲೂಧಿಯಾನಾದಿಂದ ಬಂದ, ಹೆಸರೇ ಕೇಳಿರದ ಕಂಪನಿಯ ಫ್ರೀವೀಲ್ ಅದೇ ಹಬ್ಬಿನ ಮೇಲೆ ಸಲೀಸಾಗಿ ತಿರುಗಿ ಕೂರುತ್ತದೆ. ಕಂಪನಿ ಹೋಯಿತು, ಅಳತೆ ಉಳಿಯಿತು.

ಸೈಕಲ್ ಓಡುವುದು ಪೆಡಲಿನಿಂದ ಹಿಂದಿನ ಗಾಲಿಯವರೆಗಿನ ಒಂದು ಸಾಲಿನ ಭಾಗಗಳಿಂದ. ಪೆಡಲ್, ಕ್ರ್ಯಾಂಕ್, ಅದನ್ನು ಹಿಡಿದ ಕಾಟರ್ ಪಿನ್, ಒಳಗಿನ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಆಕ್ಸಲ್, ಮುಂದಿನ ಹಲ್ಲುಚಕ್ರ ಅಂದರೆ ಚೈನ್‌ವೀಲ್, ಚೈನ್, ಹಿಂದಿನ ಫ್ರೀವೀಲ್. ಇವುಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ ಎಂಬ ತಿಳಿವಳಿಕೆ ಸೈಕಲ್ ರಿಪೇರಿ ಅಂಗಡಿಯ ಅರ್ಧ ಬಂಡವಾಳ. ಮೇಸ್ತ್ರಿಯ ಕೈಯಲ್ಲಿರುವ ಆ ಬಂಡವಾಳ ಸೈಕಲ್ ತುಳಿಯುವವರಿಗೂ ಸ್ವಲ್ಪ ಗೊತ್ತಿರಬೇಕು. ತಪ್ಪು ಭಾಗ ಕೊಂಡ ದುಡ್ಡು ಹೋಗುವುದು ಅವರ ಜೇಬಿನಿಂದಲೇ.

ರಾಯಚೂರು ಜಿಲ್ಲೆಯ ಈ ಮೂರು ಊರುಗಳನ್ನು ರಾಷ್ಟ್ರೀಯ ಹೆದ್ದಾರಿ 150ಎ ಒಂದೇ ದಾರದಲ್ಲಿ ಪೋಣಿಸಿದೆ. ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು, ಒಟ್ಟು ಸುಮಾರು 50 ಕಿಲೋಮೀಟರ್. ನೆಲ ಮಾತ್ರ ಒಂದೇ ಬಗೆಯದಲ್ಲ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಸಪಾಟು ದಾರಿ. ಕಾಲುವೆ ಬಂದ ಮೇಲೆ ಎದ್ದ ಕ್ಯಾಂಪ್‌ಗಳು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಕಟ್ಟಿಕೊಟ್ಟ ಕ್ಯಾಂಪ್‌ಗಳು, ಎಲ್ಲ ಪಟ್ಟಣದಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿವೆ. ಮಸ್ಕಿ ದಾಟಿ ಲಿಂಗಸುಗೂರು, ಹಟ್ಟಿ ಚಿನ್ನದ ಗಣಿಯ ಕಡೆ ಹೊರಳಿದರೆ ಕಲ್ಲುಗುಡ್ಡ, ಮಟ್ಟಿ, ಏರು. ಬಹಳ ಕಡೆ ಎರೆಮಣ್ಣು. ಮಳೆಗಾಲದಲ್ಲಿ ಅದು ಮಡ್ಗಾರ್ಡ್ ತುಂಬಿ ಗಾಲಿಯನ್ನೇ ನಿಲ್ಲಿಸುತ್ತದೆ, ಬೇಸಿಗೆಯಲ್ಲಿ ಧೂಳಾಗಿ ಎಣ್ಣೆ ಹಚ್ಚಿದ ಚೈನಿನ ಒಳಹೊಕ್ಕು ಕಬ್ಬಿಣವನ್ನು ಅರೆಯುತ್ತದೆ. ಬಹಳ ಮಂದಿ ಗಾಡಿಯಿಂದ ಇಳಿಸಿದ ಸುಟ್ಟ ಎಣ್ಣೆಯನ್ನು ಚೈನಿಗೆ ಸುರಿಯುತ್ತಾರೆ. ಅದರಲ್ಲಿ ಮೊದಲೇ ಲೋಹದ ಪುಡಿ ಇರುತ್ತದೆ. ಅದನ್ನು ಹಚ್ಚುವುದಕ್ಕಿಂತ ಹೊಲಿಗೆ ಮಷೀನಿನ ತೆಳು ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಮೇಲಿನದನ್ನು ಬಟ್ಟೆಯಲ್ಲಿ ಒರೆಸುವುದು ಎಷ್ಟೋ ಮೇಲು.

ಈ ಭಾಗದ ಮಕ್ಕಳ ಸೈಕಲ್ಲಿನ ಕಥೆಗೆ ಇನ್ನೊಂದು ಎಳೆಯಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ ಶುರುವಾದದ್ದು 2006-07ರಲ್ಲಿ. ಹಳ್ಳಿ, ತಾಂಡಾ, ಕ್ಯಾಂಪ್‌ಗಳಲ್ಲಿ ಏಳನೇ ತರಗತಿಗೇ ಓದು ನಿಲ್ಲುತ್ತಿದ್ದ ಹುಡುಗಿಯರಿಗೆ ಹೈಸ್ಕೂಲಿನ ದಾರಿ ತೆರೆದ ಯೋಜನೆಯದು. ಕೋವಿಡ್ ಬಂದ 2020-21ರಲ್ಲಿ ಅದು ನಿಂತಿತು, ನಂತರದ ಹಲವು ವರ್ಷ ಮತ್ತೆ ಶುರುವಾಗಲಿಲ್ಲ. ಆಗ ಕೊಟ್ಟ ಸೈಕಲ್ಲುಗಳೆಲ್ಲ ಗೇರಿಲ್ಲದ ಸಾದಾ ಸೈಕಲ್ಲುಗಳು. ಅಕ್ಕ ಹತ್ತನೇ ತರಗತಿ ಮುಗಿಸಿದ ಮೇಲೆ ತಮ್ಮ, ತಮ್ಮನ ನಂತರ ಹೊಲಕ್ಕೆ ಹೋಗುವ ಅಪ್ಪ ಹೀಗೆ ಮನೆಯೊಳಗೇ ಕೈ ಬದಲಾಗುವಂಥವು. ಅವು ಇನ್ನೂ ಓಡುತ್ತಿದ್ದರೆ ಒಂದರ ಭಾಗ ಇನ್ನೊಂದಕ್ಕೆ ಕೂರುವುದೇ ಕಾರಣ.

ಹೀಗೆ ಕೂರುವುದು ಆಕಸ್ಮಿಕವಲ್ಲ. 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ಉರುಳೆ ಮತ್ತು ಒಳಬುಷ್ ಇರುವ ಚೈನ್ ರೂಪಿಸಿದರು. ಐದು ವರ್ಷದ ನಂತರ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಚೈನಿನಿಂದ ಹಿಂದಿನ ಗಾಲಿ ತಿರುಗಿಸುವ ರೋವರ್ ಸೈಕಲ್ ತಂದರು. ಇಂದಿನ ಎಲ್ಲ ಸೈಕಲ್ಲುಗಳ ಮೂಲ ಅದು. ಮೊದಮೊದಲು ಒಂದೊಂದು ಕಂಪನಿಯ ಚೈನಿಗೂ ಒಂದೊಂದು ಅಳತೆ. ಒಂದು ಅಂಗುಲ ಅಂತರದ ಚೈನೂ ಇತ್ತು. ಕೊನೆಗೆ ಎಲ್ಲರೂ ಒಪ್ಪಿದ್ದು ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅಷ್ಟೇ ದೂರ. ನೂರು ವರ್ಷಕ್ಕೂ ಮೇಲಾಯಿತು, ಆ ಅಳತೆ ಕದಲಿಲ್ಲ. ಜಪಾನಿನ ಶಿಮಾನೊ ಕಂಪನಿ 1970ರ ದಶಕದಲ್ಲಿ ರೇಸ್ ಸೈಕಲ್ಲಿಗಾಗಿ 10 ಮಿಲಿಮೀಟರ್ ಅಂತರದ ಚೈನ್ ಮಾಡಿ ನೋಡಿತು. ಹಗುರವಾಗಿತ್ತು, ಚೊಕ್ಕವಾಗಿತ್ತು. ಆದರೆ ಬೇರೆ ಯಾರ ಹಲ್ಲುಚಕ್ರಕ್ಕೂ ಅದು ಕೂರುತ್ತಿರಲಿಲ್ಲ. ಮಾರುಕಟ್ಟೆ ಅದನ್ನು ಒಪ್ಪಲಿಲ್ಲ.

ಭಾರತದಲ್ಲಿ ಈ ಅಳತೆಗಳು ಬೇರೂರಿದ್ದು ಬ್ರಿಟಿಷ್ ಸೈಕಲ್ಲುಗಳ ಜೊತೆ. ಬಿ.ಎಸ್.ಎ., ಹರ್ಕ್ಯುಲಸ್, ಫಿಲಿಪ್ಸ್, ರ‍್ಯಾಲೀ ಎಲ್ಲವೂ ಹಡಗಿನಲ್ಲಿ ಬಂದವು. ಅವು ಕೆಟ್ಟಾಗ ಬೇಕಾದ ಭಾಗಗಳನ್ನು ಮಾರುವ, ಆಮೇಲೆ ಮಾಡುವ ದಂಧೆ ಪಂಜಾಬಿನಲ್ಲಿ ಬೆಳೆಯಿತು. ಹೀರೋ ಸೈಕಲ್ಸ್ ಕಟ್ಟಿದ ಮುಂಜಾಲ್ ಸಹೋದರರು 1944ರಲ್ಲಿ ಅಮೃತಸರದಲ್ಲಿ ಕೈ ಹಾಕಿದ್ದು ಸೈಕಲ್ ಬಿಡಿಭಾಗಗಳ ವ್ಯಾಪಾರಕ್ಕೆ. ಪೂರ್ತಿ ಸೈಕಲ್ಲಿನ ಕಾರ್ಖಾನೆ ಲೂಧಿಯಾನಾದಲ್ಲಿ ಎದ್ದದ್ದು 1956ರಲ್ಲಿ. 1986ರ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ತಯಾರಿಸುವ ಕಂಪನಿಯೆಂದು ಗಿನ್ನೆಸ್ ಪುಸ್ತಕ ಅದನ್ನು ದಾಖಲಿಸಿತು. ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ ಹುಟ್ಟಿದ್ದೂ ಇಂಗ್ಲೆಂಡಿನ ಕಂಪನಿಯ ಪಾಲುದಾರಿಕೆಯಲ್ಲೇ. ಬಿಡಿಭಾಗದಿಂದ ಬೆಳೆದ ಉದ್ಯಮಕ್ಕೆ ಬೇರೆಯವರ ಸೈಕಲ್ಲಿಗೆ ಹೊಂದುವ ಮಾಲು ಮಾಡುವುದೇ ಅನ್ನ. ಹಾಗಾಗಿ ಉತ್ತರದ ಚೈನ್‌ವೀಲ್, ದಕ್ಷಿಣದ ಚೈನ್, ಮತ್ತೆಲ್ಲಿಯದೋ ಕ್ರ್ಯಾಂಕ್ ಮೂರೂ ಒಂದೇ ಸೈಕಲ್ಲಿನಲ್ಲಿ ತಕರಾರಿಲ್ಲದೆ ಬಾಳುತ್ತವೆ.

ತಕರಾರು ಬರುವುದು ಚೈನಿನ ಅಗಲದಲ್ಲಿ.

ಅಂತರ ಎಲ್ಲ ಚೈನಿಗೂ ಅರ್ಧ ಅಂಗುಲವೇ. ಒಳಗಿನ ಅಗಲ ಮಾತ್ರ ಎರಡು ಬಗೆ. ಸಾದಾ ಸೈಕಲ್ಲಿನ ಚೈನ್ ಅಂಗುಲದ ಎಂಟನೇ ಒಂದು ಭಾಗ, ಸುಮಾರು 3.2 ಮಿಲಿಮೀಟರ್. ಗೇರ್ ಸೈಕಲ್ಲಿನದು ಅಂಗುಲದ 32ರಲ್ಲಿ 3 ಭಾಗ, ಸುಮಾರು 2.4 ಮಿಲಿಮೀಟರ್ ಅಥವಾ ಇನ್ನೂ ಕಿರಿದು. ಅಗಲ ಚೈನ್ ತೆಳು ಹಲ್ಲಿನ ಮೇಲೆ ಓಡುತ್ತದೆ, ಸ್ವಲ್ಪ ಸದ್ದು ಮಾಡಬಹುದು ಅಷ್ಟೆ. ಕಿರಿದಾದ ಚೈನ್ ದಪ್ಪ ಹಲ್ಲಿನೊಳಗೆ ಇಳಿಯುವುದೇ ಇಲ್ಲ, ಹಲ್ಲಿನ ತುದಿಯ ಮೇಲೇ ಕೂತು ತುಳಿದ ಕೂಡಲೇ ಜಾರುತ್ತದೆ. ಗೇರ್ ಸೈಕಲ್ಲಿನಿಂದ ಬಿಚ್ಚಿದ ಚೈನನ್ನು ಅಪ್ಪನ ಸೈಕಲ್ಲಿಗೆ ಹಾಕಲು ಹೊರಟವರು ಮೊದಲು ಮುಂದಿನ ಹಲ್ಲಿನ ದಪ್ಪ ನೋಡಬೇಕು. ಅಗಲದ ಸಾದಾ ಚೈನನ್ನು ಗೇರ್ ಸೈಕಲ್ಲಿಗೆ ಹಾಕುವುದೂ ಆಗದು. ಪಕ್ಕದ ಹಲ್ಲುಚಕ್ರಕ್ಕೆ ಉಜ್ಜುತ್ತದೆ, ಹಿಂದಿನ ಗೇರಿನ ಪುಟ್ಟ ಗಾಲಿಗಳ ನಡುವೆ ಸರಾಗವಾಗಿ ಹೊರಳುವುದಿಲ್ಲ.

ಅಂಗಡಿಗಳ ಮುಂದೆ ಮತ್ತೆ ಮತ್ತೆ ಕೇಳಿಬರುವ ಒಂದು ದೂರಿದೆ. "ಯಣ್ಣಾ, ಹೊಸಾ ಚೈನ್ ಹಾಕ್ಸೀನಿ, ಆದ್ರೂ ಜಿಗ್ಯಾಕತ್ತೈತ್ರಿ." ಅದಕ್ಕೆ ಉತ್ತರ ಚೈನಿನಲ್ಲಿ ಇಲ್ಲ, ಫ್ರೀವೀಲಿನಲ್ಲಿ ಇದೆ. ಚೈನ್ ಉದ್ದವಾಗುತ್ತದೆ ಎನ್ನುತ್ತೇವಲ್ಲ, ಕಬ್ಬಿಣ ಹಿಗ್ಗುವುದಿಲ್ಲ. ಒಂದೊಂದು ಪಿನ್ನು, ಅದರ ಸುತ್ತಲಿನ ಬುಷ್ ಕೂದಲೆಳೆಯಷ್ಟು ಸವೆಯುತ್ತದೆ. ಸಾದಾ ಸೈಕಲ್ಲಿನ ಚೈನಿಗೆ ಸಾಮಾನ್ಯವಾಗಿ 112 ಕೊಂಡಿ. ಕೊಂಡಿಗೊಂದಿಷ್ಟು ಸವೆತ ಸೇರಿ ಸೇರಿ ಅರ್ಧ ಅಂಗುಲ ಜೋಲು ಬೀಳುತ್ತದೆ. ಹಾಗೆ ಅಂತರ ಹೆಚ್ಚಾದ ಚೈನ್ ಫ್ರೀವೀಲಿನ ಹಲ್ಲನ್ನು ತನ್ನ ಅಳತೆಗೆ ಕೊರೆದುಕೊಳ್ಳುತ್ತದೆ. ಹಲ್ಲು ಕೊಕ್ಕೆಯಂತೆ ಒಂದು ಕಡೆ ವಾಲುತ್ತದೆ. ಹಳೆಯ ಚೈನೂ ಹಳೆಯ ಹಲ್ಲೂ ಜೊತೆಗೆ ಸವೆದದ್ದರಿಂದ ಓಡುತ್ತಿರುತ್ತವೆ. ಅಲ್ಲಿಗೆ ಸರಿಯಾದ ಅಂತರದ ಹೊಸ ಚೈನ್ ಬಂದರೆ ಕೊರೆದ ಹಲ್ಲಿಗೆ ಹಿಡಿಯದೆ ಜಿಗಿಯುತ್ತದೆ. ಏರಿನಲ್ಲಿ ನಿಂತು ತುಳಿಯುವಾಗ ಹೀಗಾದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ.

ಇದನ್ನು ಮೊದಲೇ ಪತ್ತೆ ಮಾಡಲು ಶಾಲೆಯ ಒಂದು ಅಡಿ ಪಟ್ಟಿ ಸಾಕು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಬೇಕು. 24 ಕೊಂಡಿ ಎಣಿಸಿದರೆ ಹೊಸ ಚೈನಿನಲ್ಲಿ ಸರಿಯಾಗಿ 12 ಅಂಗುಲದ ಗೆರೆಗೆ ಪಿನ್ ಬರುತ್ತದೆ. ಗೆರೆಯಿಂದ ಅಂಗುಲದ 16ನೇ ಒಂದು ಭಾಗ ಆಚೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತು ಬಂದಿದೆ, ಫ್ರೀವೀಲ್ ಇನ್ನೂ ಉಳಿದಿರುತ್ತದೆ. ಎಂಟನೇ ಒಂದು ಭಾಗ ಆಚೆ ಹೋಗಿದ್ದರೆ ಎರಡಕ್ಕೂ ದುಡ್ಡು ಹಾಕಬೇಕು. ಚೈನ್ ಅಗ್ಗ, ಹಲ್ಲುಚಕ್ರ ತುಟ್ಟಿ. ಹೊತ್ತಿಗೆ ಸರಿಯಾಗಿ ಅಗ್ಗದ್ದನ್ನು ಬದಲಿಸಿದವರಿಗೆ ತುಟ್ಟಿಯದು ಬಹುಕಾಲ ಬಾಳುತ್ತದೆ. ಪ್ರತಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಇದನ್ನು ಒಂದು ಪಿರಿಯಡ್ಡಿನಲ್ಲಿ ಮಕ್ಕಳಿಂದಲೇ ಮಾಡಿಸಬಹುದು. ಅಳತೆ, ಸರಾಸರಿ, ಘರ್ಷಣೆ ಎಲ್ಲವೂ ಆ ಪಾಠದೊಳಗೇ ಬರುತ್ತವೆ.

ಹಲ್ಲಿನ ಎಣಿಕೆ ಬದಲಿಸಿ ಸೈಕಲ್ಲನ್ನು ದಾರಿಗೆ ತಕ್ಕಂತೆ ಹೊಂದಿಸಿಕೊಳ್ಳುವುದು ಇನ್ನೊಂದು ಸಾಧ್ಯತೆ. ಇದನ್ನು ಬಳಸಿಕೊಳ್ಳುವವರು ಕಡಿಮೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವ 28 ಅಂಗುಲ ಗಾಲಿಯ ಸೈಕಲ್ ಪೆಡಲಿನ ಒಂದು ಪೂರ್ತಿ ಸುತ್ತಿಗೆ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಮುಂದೆ 48 ಹಲ್ಲಾದರೆ ಹೆಚ್ಚುಕಡಿಮೆ ಆರು ಮೀಟರ್. ಸಿಂಧನೂರಿನ ಕಾಲುವೆ ಏರಿಯ ಮೇಲೆ ಖಾಲಿ ಸೈಕಲ್ ತುಳಿಯುವವರಿಗೆ ಅದು ಚೆನ್ನ. ಹಾಲಿನ ಕ್ಯಾನೋ ಮೇವಿನ ಹೊರೆಯೋ ಕಟ್ಟಿಕೊಂಡು ಲಿಂಗಸುಗೂರು ಕಡೆಯ ಮಟ್ಟಿ ಹತ್ತುವವರಿಗೆ ಅದೇ ಶಿಕ್ಷೆ. ಅಂಥವರು ಹಿಂದೆ 20 ಹಲ್ಲಿನ ಫ್ರೀವೀಲ್ ಹಾಕಿಸಿದರೆ, ಮುಂದಿನ 44ರ ಜೊತೆಗೆ ಒಂದು ಸುತ್ತಿಗೆ ಸುಮಾರು 4.9 ಮೀಟರ್ ಹೋಗುತ್ತದೆ, ಕಾಲಿನ ಮೇಲಿನ ಭಾರ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಎರಡು ಹಲ್ಲು ಹೆಚ್ಚಿದರೆ ಚೈನಿಗೆ ಒಂದು ಕೊಂಡಿಯಷ್ಟು ಉದ್ದ ಬೇಕು. ಹಿಂದಿನ ಆಕ್ಸಲನ್ನು ಕಾಲು ಅಂಗುಲ ಮುಂದೆ ಸರಿಸಿದರೆ ಅದೂ ಹೊಂದಿಕೆಯಾಗುತ್ತದೆ. ಫ್ರೀವೀಲ್ ಒಂದರ ಬೆಲೆಗೆ ಹೊಸದೊಂದು ಸೈಕಲ್ ಸಿಕ್ಕ ಹಾಗೆ.

ಆ ಫ್ರೀವೀಲ್ ಹಬ್ಬಿಗೆ ಕೂರುವುದು ಥ್ರೆಡ್ಡಿನ ಮೇಲೆ. ಅಡ್ಡಳತೆ ಸುಮಾರು 1.37 ಅಂಗುಲ, ಒಂದು ಅಂಗುಲಕ್ಕೆ 24 ಸುತ್ತು. ಬಿ.ಬಿ. ಕಪ್‌ಗಳ ಇಂಗ್ಲಿಷ್ ಅಳತೆಯೂ ಇದೇ. ಹಿಂದೆ ಫ್ರಾನ್ಸ್ ಮತ್ತು ಇಟಲಿಯವರು ತಮ್ಮದೇ ಬೇರೆ ಥ್ರೆಡ್ ಇಟ್ಟುಕೊಂಡಿದ್ದರು, ಅವು ಈಗ ಅಪರೂಪ. ಇಂಗ್ಲೆಂಡಿನಲ್ಲೂ ನಾಟಿಂಗ್‌ಹ್ಯಾಮಿನ ರ‍್ಯಾಲೀ ಕಂಪನಿ ತನ್ನ ಸೈಕಲ್ಲುಗಳ ಬಿ.ಬಿ.ಗೆ ಅಂಗುಲಕ್ಕೆ 26 ಸುತ್ತು ಹಾಕುತ್ತಿತ್ತು. ಅಜ್ಜನ ಕಾಲದ ಇಂಗ್ಲೆಂಡಿನ ರ‍್ಯಾಲೀಯನ್ನು ಜೋಪಾನವಾಗಿ ಇಟ್ಟುಕೊಂಡ ಮನೆಯವರು ಹೊಸ ಕಪ್ ಹಾಕಿಸುವ ಮುನ್ನ ಇದನ್ನು ಮೇಸ್ತ್ರಿಗೆ ಹೇಳಬೇಕು. ಪಾನಾ ಹಿಡಿದು ಬಲವಂತವಾಗಿ ತಿರುವಿದರೆ ಕಪ್ಪಿನ ಜೊತೆ ಫ್ರೇಮಿನ ಥ್ರೆಡ್ಡೂ ಹೋಗುತ್ತದೆ. ಕಪ್ ಹತ್ತು ಸಿಕ್ಕಾವು, ಆ ಫ್ರೇಮ್ ಇನ್ನೊಂದು ಸಿಗದು.

ಉಲ್ಟಾ ಥ್ರೆಡ್ ಎಲ್ಲಿರುತ್ತದೆ ಎಂಬುದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮೊದಲು ಕಲಿಯಬೇಕಾದ ಪಾಠ. ಎಡಗಡೆಯ ಪೆಡಲ್ ಉಲ್ಟಾ, ಬಿ.ಬಿ.ಯ ಬಲಗಡೆ ಕಪ್ ಉಲ್ಟಾ. ತುಳಿಯುವಾಗ ಪೆಡಲಿನ ಮೇಲೆ ಬೀಳುವ ಭಾರ ಸುತ್ತುತ್ತಾ ಹೋಗುವುದರಿಂದ ಥ್ರೆಡ್ ನಿಧಾನವಾಗಿ ಒಂದು ದಿಕ್ಕಿಗೆ ಜರುಗುತ್ತದೆ. ಎರಡೂ ಬದಿಗೆ ಒಂದೇ ಬಗೆಯ ಥ್ರೆಡ್ ಇದ್ದರೆ ಒಂದು ಬದಿಯದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ವಿಮಾನ ಹಾರಿಸುವ ಮೊದಲು ಅಮೆರಿಕದ ಡೇಟನ್ನಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು ಬಿಚ್ಚಿಕೊಳ್ಳದ ಪೆಡಲ್ ತಮ್ಮದೆಂದು 1900ರಲ್ಲಿ ಜಾಹೀರಾತು ಕೊಟ್ಟಿದ್ದರು. ಅದರ ಗುಟ್ಟು ಎಡಗಡೆಯ ಈ ಉಲ್ಟಾ ಥ್ರೆಡ್ಡೇ. ಪೆಡಲಿನ ದಪ್ಪದಲ್ಲೂ ಎರಡು ಬಗೆಯಿದೆ. ಕ್ರ್ಯಾಂಕ್ ಮೂರು ತುಂಡಾಗಿರುವ ಸೈಕಲ್ಲಿಗೆ ಅಂಗುಲದ 16ರಲ್ಲಿ 9 ಭಾಗ. ಚಿಕ್ಕ ಮಕ್ಕಳ ಎಷ್ಟೋ ಸೈಕಲ್ಲುಗಳಲ್ಲಿ ಎರಡು ಕ್ರ್ಯಾಂಕೂ ಆಕ್ಸಲೂ ಸೇರಿ ಒಂದೇ ಬಾಗಿದ ಸರಳಿರುತ್ತದೆ. ಅದಕ್ಕೆ ಬರೀ ಅರ್ಧ ಅಂಗುಲದ ಪೆಡಲ್. ಒಂದನ್ನು ಇನ್ನೊಂದಕ್ಕೆ ಹಾಕಲಾಗದು.

ಕಾಟರ್ ಪಿನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸಾದಾ ಸೈಕಲ್ಲುಗಳ 'ಟಕ್ ಟಕ್' ಸದ್ದಿಗೆ ಬಹಳ ಸಲ ಕಾರಣ ಅದೇ. ಕ್ರ್ಯಾಂಕನ್ನು ಆಕ್ಸಲಿಗೆ ಬಿಗಿಯುವ, ಒಂದು ಕಡೆ ಇಳಿಜಾರಾಗಿ ಸಪಾಟು ಮಾಡಿದ ಪಿನ್ನಿದು. 9.5 ಮಿಲಿಮೀಟರಿನದೂ ಇದೆ, 9 ಮಿಲಿಮೀಟರಿನದೂ ಇದೆ. ಅರ್ಧ ಮಿಲಿಮೀಟರ್ ಕಣ್ಣಿಗೆ ಕಾಣದು. 9.5ರ ತೂತಿಗೆ 9ರ ಪಿನ್ ಬಡಿದರೆ ಮೊದಲ ದಿನ ಗಟ್ಟಿಯಾಗಿಯೇ ಇರುತ್ತದೆ, ವಾರದೊಳಗೆ ಸಡಿಲಾಗಿ ಕ್ರ್ಯಾಂಕಿನ ತೂತನ್ನೇ ಮೊಟ್ಟೆಯಾಕಾರಕ್ಕೆ ತಿನ್ನುತ್ತದೆ. ಆಮೇಲೆ ಸರಿಯಾದ ಪಿನ್ ಹಾಕಿದರೂ ನಿಲ್ಲದು. ಅಳತೆ ಸರಿಯಿದ್ದರೂ ಇಳಿಜಾರು ಹೊಂದದಿದ್ದರೆ ಎರಡು ಪೆಡಲ್ ಒಂದೇ ನೇರಕ್ಕೆ ಬರುವುದಿಲ್ಲ. ಪಿನ್ನನ್ನು ಅರದಿಂದ ಒಂದೊಂದೇ ಎಳೆ ಉಜ್ಜಿ, ಕೂರಿಸಿ ನೋಡಿ, ಮತ್ತೆ ತೆಗೆದು ಉಜ್ಜುವ ಮೇಸ್ತ್ರಿ ಎಲ್ಲಿ ಸಿಕ್ಕರೂ ಅವರನ್ನು ಬಿಡಬಾರದು. ಆ ತಾಳ್ಮೆಗೆ ಕೊಡುವ ಕೂಲಿ ದುಬಾರಿಯಲ್ಲ. ಎರಡು ಪಿನ್ನುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹಾಕಬೇಕೆಂಬುದೂ ನೆನಪಿರಲಿ.

ಇಲ್ಲಿಯವರೆಗಿನದು ಒಪ್ಪಂದದ ಲೋಕ. ಗೇರ್ ಸೈಕಲ್ ಬಂದಾಗ ಒಪ್ಪಂದ ಮುರಿಯಿತು.

ಮೊದಲ ಗೇರ್ ಸೈಕಲ್ಲುಗಳ ಲಿವರಿನಲ್ಲಿ 'ಕ್ಲಿಕ್' ಇರಲಿಲ್ಲ. ಅಂದಾಜಿನಲ್ಲಿ ಎಳೆದು, ಸದ್ದು ನಿಲ್ಲುವವರೆಗೆ ಹೊಂದಿಸಿಕೊಳ್ಳಬೇಕಿತ್ತು. ಹಾಗಾಗಿ ಯಾವ ಕಂಪನಿಯ ಲಿವರ್ ಯಾವ ಗೇರಿಗಾದರೂ ನಡೆಯುತ್ತಿತ್ತು. 1984ರಲ್ಲಿ ಶಿಮಾನೊ ತನ್ನ ಡ್ಯುರಾ-ಏಸ್ ರೇಸ್ ಸಾಮಗ್ರಿಯಲ್ಲಿ ಒಂದು ಕ್ಲಿಕ್ಕಿಗೆ ಒಂದು ಗೇರ್ ಎಂಬ ವ್ಯವಸ್ಥೆ ತಂದಿತು. ತುಳಿಯುವವರಿಗೆ ಸುಖವಾಯಿತು. ಆದರೆ ಲಿವರ್ ಎಳೆಯುವ ತಂತಿಯ ಉದ್ದ, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಆ ಎಳೆತಕ್ಕೆ ಸರಿಯುವ ದೂರ, ಹಲ್ಲುಚಕ್ರಗಳ ನಡುವಿನ ಅಂತರ ಮೂರೂ ಒಂದಕ್ಕೊಂದು ಕಟ್ಟುಬಿದ್ದವು. ಒಂದನ್ನು ಬದಲಿಸಿದರೆ ಉಳಿದೆರಡು ಮುನಿಯುತ್ತವೆ. 1921ರಲ್ಲಿ ಸಕಾಯಿ ಪಟ್ಟಣದಲ್ಲಿ ಸಿಂಗಲ್ ಫ್ರೀವೀಲ್ ಮಾಡುತ್ತಾ ಶುರುವಾದ ಕಂಪನಿಯೇ ಜಗತ್ತಿನ ಗೇರ್ ಸೈಕಲ್ಲುಗಳ ಅಳತೆಯನ್ನು ತೀರ್ಮಾನಿಸುವಷ್ಟು ಬೆಳೆದದ್ದು ಹೀಗೆ.

ಈ ಲೆಕ್ಕ ಪಟ್ಟಣದ ಅಂಗಡಿಯಲ್ಲಿ ಹೇಗೆ ಕಾಡುತ್ತದೆಂದು ನೋಡೋಣ. ಕಾಲೇಜು ಹುಡುಗನ '21 ಗೇರಿನ' ಸೈಕಲ್ಲಿನಲ್ಲಿ ಮುಂದೆ 3, ಹಿಂದೆ 7 ಹಲ್ಲುಚಕ್ರ ಇರುತ್ತವೆ. ಹಿಂದಿನದು ಸವೆಯಿತು, ಅಂಗಡಿಯಲ್ಲಿ 6 ಚಕ್ರದ್ದು ಮಾತ್ರ ಇದೆ ಎನ್ನಿ. ಥ್ರೆಡ್ ಒಂದೇ, ಹಬ್ಬಿಗೆ ಚೆನ್ನಾಗಿ ಕೂರುತ್ತದೆ. ಚೈನೂ ಅದೇ ನಡೆಯುತ್ತದೆ, ಏಕೆಂದರೆ 6, 7, 8 ಚಕ್ರಗಳಿಗೆ ಸುಮಾರು 7.1 ಮಿಲಿಮೀಟರ್ ಹೊರ ಅಗಲದ ಒಂದೇ ಬಗೆಯ ಚೈನ್ ಸಾಕು. ಕೆಡುವುದು ಲಿವರಿನಲ್ಲಿ. 7 ಚಕ್ರದ ಸಾಲಿನಲ್ಲಿ ಒಂದರಿಂದ ಇನ್ನೊಂದಕ್ಕೆ 5 ಮಿಲಿಮೀಟರ್, 6 ಚಕ್ರದ ಸಾಲಿನಲ್ಲಿ ಸುಮಾರು 5.5. ಪ್ರತಿ ಕ್ಲಿಕ್ಕಿಗೂ ಅರ್ಧ ಮಿಲಿಮೀಟರ್ ಕಡಿಮೆ ಬಿದ್ದು, ಐದು ಕ್ಲಿಕ್ ಆಗುವಷ್ಟರಲ್ಲಿ ಎರಡೂವರೆ ಮಿಲಿಮೀಟರ್ ವ್ಯತ್ಯಾಸ. ಚೈನ್ ಎರಡು ಚಕ್ರಗಳ ನಡುವೆ ನಿಂತು ಕಟಕಟ ಅನ್ನುತ್ತದೆ. ತಂತಿಯ ಬಿಗಿ ಎಷ್ಟು ತಿರುವಿದರೂ ಇದು ಹೋಗದು, ಮೇಸ್ತ್ರಿಯ ತಪ್ಪೂ ಅಲ್ಲ. ಒಂದೋ 7 ಚಕ್ರದ ಫ್ರೀವೀಲನ್ನೇ ತರಿಸಬೇಕು, ಇಲ್ಲ ಕ್ಲಿಕ್ ಇಲ್ಲದ ಅಗ್ಗದ ಹೆಬ್ಬೆರಳು ಲಿವರ್ ಹಾಕಬೇಕು. ಎರಡನೆಯದನ್ನು ಕೀಳೆಂದು ಕಾಣುವವರಿದ್ದಾರೆ. ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾದ ಊರುಗಳಲ್ಲಿ ಅದಕ್ಕಿಂತ ಒಳ್ಳೆಯ ಪರಿಹಾರವಿಲ್ಲ. ಹಿಂದೆ ಯಾವ ಅಂತರದ ಹಲ್ಲು ಬಂದರೂ ಅದು ಹೊಂದಿಕೊಳ್ಳುತ್ತದೆ.

ವ್ಯತ್ಯಾಸ ಚಿಕ್ಕದಾದ ಕಡೆ ಅದೃಷ್ಟ ಕೈಹಿಡಿಯುವುದೂ ಉಂಟು. 8 ಚಕ್ರದ ಅಂತರ 4.8 ಮಿಲಿಮೀಟರ್, 7ರದ್ದು 5. ಇವೆರಡನ್ನು ಬೆರೆಸಿ ನಡುವಿನ ಗೇರಿಗೆ ತಂತಿ ಹೊಂದಿಸಿದರೆ ತುದಿಗಳಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ತಪ್ಪುತ್ತದೆ, ಹೆಚ್ಚು ತೊಂದರೆ ಕೊಡದೆ ಓಡುತ್ತದೆ. 9 ಚಕ್ರದ ಅಂತರ ಸುಮಾರು 4.35. ಅದನ್ನು 8ರ ಲಿವರಿನ ಜೊತೆ ಕಟ್ಟಲಾಗದು.

ಅಮೆರಿಕದ ಸ್ರಾಮ್ ಕಂಪನಿ 1987ರಲ್ಲಿ ಹುಟ್ಟಿತು. ತಂತಿ ಎಷ್ಟು ಎಳೆದರೆ ಡಿರೇಲರ್ ಹೆಚ್ಚುಕಡಿಮೆ ಅಷ್ಟೇ ಸರಿಯುವ ಲೆಕ್ಕವನ್ನು ಅದು ಮುಂದೆ ತನ್ನದಾಗಿಸಿಕೊಂಡಿತು. ಶಿಮಾನೊದ ಹಳೆಯ ಲೆಕ್ಕದಲ್ಲಿ 1 ಮಿಲಿಮೀಟರ್ ಎಳೆತಕ್ಕೆ ಡಿರೇಲರ್ ಸುಮಾರು 1.7 ಮಿಲಿಮೀಟರ್ ಸರಿಯುತ್ತದೆ. ಹಾಗಾಗಿ ಒಂದರ ಲಿವರ್ ಇನ್ನೊಂದರ ಡಿರೇಲರಿಗೆ ಸಾಮಾನ್ಯವಾಗಿ ಆಗದು. ಒಂದೇ ಕಂಪನಿಯೊಳಗೂ ಭರವಸೆಯಿಲ್ಲ. 9 ಚಕ್ರದ ಕಾಲದವರೆಗೆ ಶಿಮಾನೊದ ರಸ್ತೆ ಸೈಕಲ್ಲಿನ ಲಿವರ್ ಗುಡ್ಡದ ಸೈಕಲ್ಲಿನ ಹಿಂದಿನ ಡಿರೇಲರನ್ನು ನಡೆಸುತ್ತಿತ್ತು. 10 ಚಕ್ರ ಬಂದಾಗ ಗುಡ್ಡದ ಸೈಕಲ್ಲಿನ ಲೆಕ್ಕ ಬದಲಾಯಿತು, ಆ ದಾರಿಯೂ ಮುಚ್ಚಿತು. ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಟ್ಟ ನೆಲ. ಅಲ್ಲಿನ ರೇಸ್ ಸೈಕಲ್ಲುಗಳ ಸೆಕೆಂಡ್ ಹ್ಯಾಂಡ್ ಭಾಗ ಕೊಳ್ಳಲು ಹೋಗುವ ಲಿಂಗಸುಗೂರಿನ ಹುಡುಗರು ಭಾಗದ ಮೇಲೆ ಕೊರೆದ ಮಾದರಿ ಸಂಖ್ಯೆಯನ್ನು ಓದಿಯೇ ದುಡ್ಡು ಬಿಚ್ಚಬೇಕು. ಹೊಳಪು ನೋಡಿ ಕೊಂಡರೆ ಮೋಸ.

ಇನ್ನೊಂದು ಗೊಂದಲ ಫ್ರೀವೀಲ್ ಮತ್ತು ಕ್ಯಾಸೆಟ್ಟಿನದು. ನೋಡಲು ಎರಡೂ ಒಂದೇ ಬಗೆಯ ಹಲ್ಲಿನ ಗೊಂಚಲು. ಫ್ರೀವೀಲಿನಲ್ಲಿ ಗಾಲಿಯನ್ನು ಬಿಟ್ಟು ತಿರುಗುವ ಯಂತ್ರ ಹಲ್ಲಿನೊಳಗೇ ಇರುತ್ತದೆ, ಇಡಿಯಾಗಿ ಥ್ರೆಡ್ಡಿನ ಮೇಲೆ ಕೂರುತ್ತದೆ. 1978ರಲ್ಲಿ ಶಿಮಾನೊ ಆ ಯಂತ್ರವನ್ನು ಹಬ್ಬಿಗೇ ಸೇರಿಸಿತು. ಅಂಥ ಹಬ್ಬಿಗೆ ಬರೀ ಹಲ್ಲುಗಳ ಕ್ಯಾಸೆಟ್ಟನ್ನು ತೋಡುಗಳ ಮೇಲೆ ಜಾರಿಸಿ ಹಾಕಿ ಮೇಲೆ ಲಾಕ್ ರಿಂಗ್ ಬಿಗಿಯುತ್ತಾರೆ. ಒಂದರ ಹಬ್ಬಿಗೆ ಇನ್ನೊಂದು ಕೂರದು. ಬಿಚ್ಚುವ ಟೂಲೂ ಬೇರೆ. ಫ್ರೀವೀಲಿನಲ್ಲೇ ಎರಡು ಕಚ್ಚಿನದು, ನಾಲ್ಕು ಕಚ್ಚಿನದು, ಒಳಗೆ ಸುತ್ತಲೂ ತೋಡುಗಳಿರುವುದು ಎಂದು ಬಗೆಗಳಿವೆ. ತುಳಿತುಳಿದು ಬಿಗಿಯಾದ ಫ್ರೀವೀಲಿಗೆ ತಪ್ಪು ಟೂಲ್ ಹಾಕಿದರೆ ಕಚ್ಚು ಹರಿದುಹೋಗುತ್ತದೆ, ಆಮೇಲೆ ಛಿಣಿ, ಸುತ್ತಿಗೆಯೇ ಗತಿ. ಫೋನಿನಲ್ಲಿ ಬಿಡಿಭಾಗ ತರಿಸುವವರು ಗಾಲಿ ಬಿಚ್ಚಿ ನಡುವಿನ ಆ ಭಾಗದ ಫೋಟೋ ತೆಗೆದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಉಚಿತ ಸೈಕಲ್ ಯೋಜನೆಯನ್ನು ಮತ್ತೆ ಶುರು ಮಾಡುವುದಾದರೆ ಅದು ಮೊದಲಿನಂತೆಯೇ ಗೇರಿಲ್ಲದ ಸೈಕಲ್ ಆಗಿರಲಿ. ಟೆಂಡರಿನ ಷರತ್ತಿನಲ್ಲಿ ಚೈನಿನ ಅಗಲ, ಫ್ರೀವೀಲಿನ ಥ್ರೆಡ್, ಕ್ರ್ಯಾಂಕಿನ ಬಗೆ, ಬೇರಿಂಗ್ ಗುಂಡುಗಳ ಅಳತೆ ಬರೆದಿರಲಿ. ಚೈನ್‌ವೀಲಿನ ಮೇಲೆ ಹಲ್ಲಿನ ಸಂಖ್ಯೆಯನ್ನು ಅಚ್ಚೊತ್ತಲು ಕಂಪನಿಗೆ ಕಾಸೂ ಖರ್ಚಾಗದು. ಶಾಲೆಗೆ ಸೈಕಲ್ ಇಳಿಯುವ ದಿನವೇ ಪ್ರತಿ ತಾಲ್ಲೂಕಿಗೆ ಒಂದಿಷ್ಟು ಚೈನ್, ಫ್ರೀವೀಲ್, ಕಾಟರ್ ಪಿನ್ ಕೂಡ ಬರಲಿ. ಕಾಟರ್ ಪಿನ್ ಸಿಗದೆ ಒಬ್ಬ ಹುಡುಗಿ ನಾಲ್ಕು ದಿನ ಶಾಲೆ ತಪ್ಪಿಸುವುದು ಯಾರಿಗೂ ಒಪ್ಪಿಗೆಯಾಗಬಾರದು.

ಕೆಟ್ಟು ಮೂಲೆ ಸೇರಿದ ಗೇರ್ ಸೈಕಲ್ಲುಗಳಿಗೂ ದಾರಿಯಿದೆ. ಡಿರೇಲರ್, ಲಿವರ್, ತಂತಿ ಎಲ್ಲ ಬಿಚ್ಚಿಟ್ಟು ಹಿಂದೆ 18 ಅಥವಾ 20 ಹಲ್ಲಿನ ಸಿಂಗಲ್ ಫ್ರೀವೀಲ್ ಹಾಕಬಹುದು. ಹಬ್ ಥ್ರೆಡ್ಡಿನದಾಗಿದ್ದರೆ ಅದು ನೇರವಾಗಿ ಕೂರುತ್ತದೆ. ಮುಂದಿನ ಮೂರು ಚಕ್ರಗಳಲ್ಲಿ ಹಿಂದಿನದಕ್ಕೆ ಹೆಚ್ಚು ನೇರವಾಗಿ ನಿಲ್ಲುವುದನ್ನು ಆರಿಸಬೇಕು. ಮೇಲಿಂದ ನೋಡಿದಾಗ ಚೈನ್ ಸೊಟ್ಟಗಿದ್ದರೆ ಆಕ್ಸಲಿನ ವಾಷರ್‌ಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಿಸಿ, ರಿಮ್ಮನ್ನು ಕಡ್ಡಿ ಎಳೆದು ನಡುವಿಗೆ ತರಬೇಕು. ಆಕ್ಸಲ್ ಕೂರುವ ಸೀಳು ಉದ್ದವಾಗಿದ್ದರೆ ಚೈನಿನ ಬಿಗಿ ಸುಲಭ. ಗಿಡ್ಡವಾಗಿದ್ದರೆ 'ಹಾಫ್ ಲಿಂಕ್' ಎಂಬ ಒಂಟಿ ಕೊಂಡಿ ಸೇರಿಸಬೇಕಾದೀತು. ಚೈನ್ ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ, ಬೆರಳಲ್ಲಿ ಎತ್ತಿದರೆ ನಡುವೆ ಅರ್ಧ ಅಂಗುಲದಷ್ಟು ಆಟವಿರಲಿ.